ನಾಲ್ವರ ಪ್ರಾಜೆಕ್ಟಿನಲ್ಲಿ ನಮ್ಮ ಮಗುವಿನ ಪಾಲು

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)

 

ಚೆಕ್ ವಿತರಣೆಗೆ ಮುಂಚೆ ನಾಲ್ಕು ಮಾತು ಆಡಲು ಹೇಳಿದ್ದಾರೆ. ಕಾಲೇಜಿನಲ್ಲಿ ಮಕ್ಕಳು ಗುಂಪಾಗಿ ಮಾಡುವ ಪ್ರಾಜೆಕ್ಟಿನ ಬಗ್ಗೆ ಮಾತ್ರ ಹೇಳುತ್ತೇನೆ. ದಾನಿಗಳ ಹಣ ಸದ್ದಿಲ್ಲದೆ ಸೋರಿ ಹೋಗುವ ಜಾಗಗಳಲ್ಲಿ ಅದೂ ಒಂದು.

ಹಿಂದೊಮ್ಮೆ ಒಬ್ಬ ತಾಯಿ ನಮ್ಮ ಮನೆಗೆ ಬಂದರು. ಹೊಲಿಗೆ ಕೆಲಸ ಮಾಡುವವರು. ಮಗಳು ಬೇರೆ ಊರಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ. "ಮಾಸ್ತರ್, ಪ್ರಾಜೆಕ್ಟಿಗೆ ಐದು ಸಾವಿರ ಬೇಕಂತೆ, ಟ್ರಸ್ಟಿನವರು ಕೊಡ್ತಾರೇನ್ರೀ?" ಎಂದು ಕೇಳಿದರು. ಮಗಳನ್ನು ಕರೆಸಿ ವಿಚಾರಿಸಿದೆ. ನಾಲ್ಕು ಜನರ ಬ್ಯಾಚು. ಎಲ್ಲರೂ ದುಡ್ಡು ಕೂಡಿಸಿ ಅಂಗಡಿಯಿಂದ ತಯಾರಾದ ಪ್ರಾಜೆಕ್ಟು ತರುವುದೆಂದು ಮಾತಾಗಿತ್ತು. "ನಿನ್ನ ಪಾಲಿನ ಕೆಲಸ ಏನಮ್ಮ?" ಎಂದೆ. "ನಾನು ರಿಪೋರ್ಟ್ ಟೈಪ್ ಮಾಡ್ತೀನಿ ಸರ್" ಎಂದಳು. ಆ ಯಂತ್ರದೊಳಗೆ ಏನಿದೆ ಎಂದು ಕೇಳಿದರೆ ತಲೆ ತಗ್ಗಿಸಿದಳು.

ಈಗ ನಿಯಮ ಏನಿದೆ ನೋಡಿ. ನಮ್ಮ ಹಳಿಯಾಳದ ವಿಶ್ವನಾಥರಾವ್ ದೇಶಪಾಂಡೆ ತಾಂತ್ರಿಕ ಕಾಲೇಜು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಆ ವಿಶ್ವವಿದ್ಯಾಲಯದ ನಿಯಮದಲ್ಲಿ ಪ್ರಾಜೆಕ್ಟಿನ ಆಂತರಿಕ ಅಂಕವನ್ನು ಮೂರು ಪಾಲು ಮಾಡಿದ್ದಾರೆ. ವರದಿಗೆ ನೂರಕ್ಕೆ 50, ಮಂಡನೆಗೆ 25, ಪ್ರಶ್ನೋತ್ತರಕ್ಕೆ 25. ವರದಿಯ ಅಂಕ ಬ್ಯಾಚಿನ ಎಲ್ಲರಿಗೂ ಒಂದೇ. ದುಡಿದವನಿಗೂ ಅಷ್ಟೇ, ಮುಖ ತೋರಿಸದವನಿಗೂ ಅಷ್ಟೇ. ಆದರೆ ಪ್ರಶ್ನೆ ಕೇಳುವಾಗ ಪ್ರತಿಯೊಬ್ಬರೂ ತಾವೇ ಉತ್ತರ ಕೊಡಬೇಕು. ಟೈಪ್ ಮಾಡಿದ ಮಗಳಿಂದ ಎಲ್ಲರಿಗೂ ಅಂಕ ಬರುತ್ತದೆ. ಪ್ರಶ್ನೆ ಬಂದಾಗ ಮಾತ್ರ ಅವಳು ಬರಿಗೈಲಿ ನಿಲ್ಲುತ್ತಾಳೆ. ನಾಳೆ ಕೆಲಸದ ಸಂದರ್ಶನದಲ್ಲೂ ಅದೇ ಪ್ರಶ್ನೆ ಬರುತ್ತದೆ.

ಬೇರೆಯವರನ್ನು ದೂರುವ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಶಾಲೆಯಲ್ಲಿ ಗುಂಪಿಗೊಂದು ಚಾರ್ಟ್ ಮಾಡಿಸುತ್ತಿದ್ದೆ. ಬರೆಯುವುದು ಯಾವಾಗಲೂ ಹೆಣ್ಣುಮಕ್ಕಳು, ಸಭೆಯ ಮುಂದೆ ನಿಂತು ವಿವರಿಸುವುದು ಗಂಡುಮಕ್ಕಳು. ಅಕ್ಷರ ಚೆನ್ನಾಗಿದೆ ಎಂಬ ಹೊಗಳಿಕೆಯಲ್ಲೇ ಅವರನ್ನು ಮೂಲೆಗೆ ಕೂರಿಸಿದೆ. ಬಿ.ಎಡ್. ಓದಿಯೂ ಅದು ನನ್ನ ಕಣ್ಣಿಗೆ ಬೀಳಲು ಬಹಳ ವರ್ಷ ಬೇಕಾಯಿತು.

ಪಾಲು ಹಂಚುವುದು ನಮಗೆ ಹೊಸದಲ್ಲ. ಹಿಜರಿ 5ರಲ್ಲಿ ಮದೀನಾದಲ್ಲಿ ಕಂದಕ ತೋಡುವಾಗ ಹತ್ತು ಹತ್ತು ಜನರಿಗೆ ನಲವತ್ತು ಮೊಳದಂತೆ ಅಳೆದು ಕೊಟ್ಟರೆಂದು ಸೀರಾ ಗ್ರಂಥಗಳಲ್ಲಿದೆ. ಪ್ರವಾದಿಯವರೂ (ಸ.ಅ.) ಸ್ವತಃ ಮಣ್ಣು ಹೊತ್ತರು. ಯಾರ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

ಮಕ್ಕಳೇ, ನೀವೂ ಮೊದಲ ವಾರವೇ ಒಂದು ಹಾಳೆಯಲ್ಲಿ ಬರೆದಿಡಿ. ಉಪಕರಣ ಯಾರದು, ಪ್ರೋಗ್ರಾಂ ಯಾರದು, ಪರೀಕ್ಷಿಸಿ ನೋಡುವುದು ಯಾರು, ಲೆಕ್ಕ ಯಾರ ಕೈಯಲ್ಲಿ. ನಾಲ್ವರೂ ಸಹಿ ಹಾಕಿ ಗೈಡಿಗೆ ಒಂದು ಪ್ರತಿ ಕೊಡಿ. ವರದಿಯನ್ನು ಒಬ್ಬರ ತಲೆಗೆ ಕಟ್ಟಬೇಡಿ, ಅವರವರ ಅಧ್ಯಾಯ ಅವರವರೇ ಬರೆಯಲಿ. ನಡುವೆ ಒಮ್ಮೆ ಕೆಲಸ ಅದಲುಬದಲು ಮಾಡಿಕೊಳ್ಳಿ. ಯಾರಾದರೂ ಎರಡು ವಾರ ಬರದಿದ್ದರೆ ಆಗಲೇ ಗೈಡಿಗೆ ಹೇಳಿ. ಇದು ಚಾಡಿ ಅಲ್ಲ. ಸ್ನೇಹ ಕೆಡುತ್ತದೆಂದು ಬಾಯಿ ಮುಚ್ಚಿಕೊಂಡು ಕೊನೆಯ ವಾರ ಅಳುವವರನ್ನು ಬಹಳ ನೋಡಿದ್ದೇನೆ.

ಇನ್ನೊಂದು, ಕೂಡುವ ಹೊತ್ತು. ಸಂಜೆ ಆರಕ್ಕೆ ಕೂಡೋಣ ಎಂದು ಹಾಸ್ಟೆಲಿನ ಹುಡುಗರು ಸುಲಭವಾಗಿ ಹೇಳುತ್ತಾರೆ. ಬಸ್ಸಿನಲ್ಲಿ ಓಡಾಡುವ ಹುಡುಗಿ ಆ ಹೊತ್ತಿಗೆ ಸ್ಟ್ಯಾಂಡಿನಲ್ಲಿರುತ್ತಾಳೆ. ಬರಲಿಲ್ಲ ಎಂಬ ದೂರು ಅವಳ ಮೇಲೆಯೇ! ಮಧ್ಯಾಹ್ನದ ಬಿಡುವಿನಲ್ಲಿ ಕಾಲೇಜಿನ ಲ್ಯಾಬಿನಲ್ಲೇ ಕೂಡಿ. ಪಾಲಕರಲ್ಲೂ ಒಂದು ಮಾತು. ಗುಂಪಿನಲ್ಲಿ ಹುಡುಗರಿದ್ದಾರೆಂದು ಮಗಳನ್ನು ಬಿಡಿಸಬೇಡಿ. ಅನುಮಾನವಿದ್ದರೆ ಕಾಲೇಜಿಗೆ ಹೋಗಿ ಗೈಡನ್ನು ಕಂಡು ಬನ್ನಿ.

ದುಡ್ಡಿನ ವಿಷಯ. ಬೆಂಗಳೂರಿನ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಕೊನೆಯ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳನ್ನು ಆಯ್ದು ಧನಸಹಾಯ ಕೊಡುತ್ತದೆ. ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕು. ಅದನ್ನು ಕೇಳದೆ ಅಂಗಡಿಯ ದಾರಿ ಹಿಡಿಯಬೇಡಿ. ಟ್ರಸ್ಟಿನ ಹಣ ಅಮಾನತ್. ಮಗು ಕಲಿಯಲಿ ಎಂದು ಕೊಟ್ಟದ್ದು, ಕಲಿತಂತೆ ತೋರಿಸಲು ಕೊಟ್ಟದ್ದಲ್ಲ.

ಆ ಹುಡುಗಿಗೆ ನಾವು ಐದು ಸಾವಿರ ಕೊಡಲಿಲ್ಲ. ತಾಯಿಗೂ ಮಗಳಿಗೂ ಬೇಸರವಾಯಿತು. ಕೊನೆಗೆ ಅವಳೂ ಇಬ್ಬರು ಗೆಳತಿಯರೂ ಸೇರಿ, ಮಣ್ಣಿನ ತೇವ ಕಡಿಮೆಯಾದರೆ ಪಂಪು ಚಾಲೂ ಆಗುವ ಸಣ್ಣ ಸಾಧನ ಮಾಡಿದರು. ಕೆಲವೊಮ್ಮೆ ನಡೆಯಿತು, ಕೆಲವೊಮ್ಮೆ ಕೈಕೊಟ್ಟಿತು. ಏಕೆ ಕೈಕೊಟ್ಟಿತು ಎಂದು ಕೇಳಿದಾಗ ಅವಳು ನಿಂತು ಹೇಳಿದಳು. ನಾಲ್ಕನೆಯವನು ಕೊನೆಯವರೆಗೂ ಬರಲಿಲ್ಲ, ವರದಿಯ ಅಂಕ ಅವನಿಗೂ ಅಷ್ಟೇ ಬಂತು. ಆ ಸಿಟ್ಟು ಅವಳಿಗೆ ಇನ್ನೂ ಇಳಿದಿಲ್ಲ.

ಕೊನೆಯ ವರ್ಷದವರ ಅರ್ಜಿಗೆ ಒಂದು ಪುಟ ಸೇರಿಸಿ ಎಂದು ಟ್ರಸ್ಟಿನವರನ್ನು ಕೇಳಿಕೊಂಡೆ, ಒಪ್ಪಿದ್ದಾರೆ. ಪ್ರಾಜೆಕ್ಟಿನಲ್ಲಿ ನಿಮ್ಮ ಪಾಲಿನ ಕೆಲಸ ಏನು ಎಂದು ನಿಮ್ಮ ಕೈಯಿಂದಲೇ ಬರೆಯಬೇಕು. ಕನ್ನಡ, ಉರ್ದು, ಇಂಗ್ಲಿಷ್ ಯಾವುದಾದರೂ ಸರಿ. ಫಾರಂ ಬಾಗಿಲ ಹತ್ತಿರದ ಮೇಜಿನ ಮೇಲಿದೆ, ಹೋಗುವಾಗ ತೆಗೆದುಕೊಂಡು ಹೋಗಿ.