ಪಿಕಪ್ ವಾಹನದ ಚಿಪ್ ಮತ್ತು ಘಟ್ಟದ ಹೊಗೆ

(ಉಪನ್ಯಾಸದ ಪಠ್ಯ)



ಬನ್ನಿಮಂಟಪ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ವಿಜಯದಶಮಿಯ ಜಂಬೂಸವಾರಿ ಮತ್ತು ಅಂದು ರಾತ್ರಿಯ ಪಂಜಿನ ಕವಾಯತು. ಚುನಾವಣೆಯ ಅಳಿಸಲಾಗದ ಶಾಯಿಯೂ ಇಲ್ಲಿನ ಕಾರ್ಖಾನೆಯಲ್ಲಿಯೇ ತಯಾರಾಗುತ್ತದೆ ಎಂಬುದು ಕೆಲವರಿಗೆ ಗೊತ್ತು. ಆದರೆ ಕೊಡಗು, ಹುಣಸೂರು, ಹೆಗ್ಗಡದೇವನಕೋಟೆ, ಗುಂಡ್ಲುಪೇಟೆಗಳ ಕಡೆಯಿಂದ ಶುಂಠಿ, ಬಾಳೆ, ತರಕಾರಿ ಹೇರಿಕೊಂಡು ಮೈಸೂರಿಗೆ ಬರುವ ಪಿಕಪ್ ಚಾಲಕನಿಗೆ ಈ ನಗರವೆಂದರೆ ಮಾರುಕಟ್ಟೆಯ ಜೊತೆಗೆ ಗ್ಯಾರೇಜು, ಬಿಡಿಭಾಗದ ಅಂಗಡಿ, ಟಿಂಕರಿಂಗ್ ಕೆಲಸ. ಮಹಾನವಮಿಯಂದು ಆಯುಧಪೂಜೆಯಲ್ಲಿ ಕುಂಬಳಕಾಯಿ ಒಡೆಸಿಕೊಳ್ಳುವ ಅವನ ವಾಹನವೇ ಅವನ ಆಯುಧ. ಪಾಂಡವರು ಆಯುಧಗಳನ್ನು ಶಮೀವೃಕ್ಷದಲ್ಲಿ ಬಚ್ಚಿಟ್ಟರೆಂಬ ಕಥೆ ಎಲ್ಲರಿಗೂ ತಿಳಿದಿದೆ. ಇತ್ತೀಚಿನ ವರ್ಷಗಳಲ್ಲಿ ಬಾನೆಟ್ಟಿನ ಅಡಿಯಲ್ಲಿ ಬೆಂಕಿಪೊಟ್ಟಣದ ಗಾತ್ರದ ಒಂದು ಆಯುಧ ಬಚ್ಚಿಟ್ಟುಕೊಳ್ಳುತ್ತಿದೆ. ಅದರ ಹೆಸರು ಪರ್ಫಾರ್ಮೆನ್ಸ್ ಚಿಪ್.

ಇದು ಪೂರ್ತಿ ಹೊಸ ವಿದ್ಯೆಯೇನೂ ಅಲ್ಲ. ಡೀಸೆಲ್ ಪಂಪು ಯಾಂತ್ರಿಕವಾಗಿದ್ದ ಕಾಲದಲ್ಲಿ ಪಂಪಿನ ಸೀಲು ಒಡೆದು, ಸ್ಕ್ರೂ ತಿರುಗಿಸಿ, ಎಣ್ಣೆ ಹೆಚ್ಚು ಹರಿಯುವಂತೆ ಮಾಡುತ್ತಿದ್ದರು. ‘ಪಂಪ್ ಸೆಟ್ಟಿಂಗ್’ ಎಂಬ ಮಾತು ಹಳೆಯ ಲಾರಿ ಚಾಲಕರಿಗೆಲ್ಲ ಪರಿಚಿತ. ಮಾಲಿನ್ಯದ ಮಾನದಂಡಗಳು ಬಿಗಿಯಾಗುತ್ತ ಬಂದಂತೆ ಆ ಸ್ಕ್ರೂ ಮಾಯವಾಯಿತು. ಭಾರತ್ ಸ್ಟೇಜ್ 3 ದೇಶಾದ್ಯಂತ ಜಾರಿಗೆ ಬಂದದ್ದು 2010ರಲ್ಲಿ, ನಾಲ್ಕನೆಯದು 2017ರ ಏಪ್ರಿಲ್‌ನಲ್ಲಿ. ಐದನೆಯದನ್ನು ಬಿಟ್ಟು ಆರನೆಯದಕ್ಕೆ ಹಾರಿದ್ದು 2020ರ ಏಪ್ರಿಲ್‌ನಲ್ಲಿ. ಡೀಸೆಲ್‌ನಲ್ಲಿರುವ ಗಂಧಕ ಇದೇ ಅವಧಿಯಲ್ಲಿ ಹತ್ತು ಲಕ್ಷ ಭಾಗಕ್ಕೆ 350 ಭಾಗದಿಂದ 50ಕ್ಕೂ, ಅಲ್ಲಿಂದ 10ಕ್ಕೂ ಇಳಿಯಿತು. ಎಂಜಿನ್ನಿಗೆ ಎಷ್ಟು ಎಣ್ಣೆ, ಯಾವ ಕ್ಷಣದಲ್ಲಿ, ಎಷ್ಟು ಒತ್ತಡದಲ್ಲಿ ಎಂಬುದನ್ನು ಈಗ ನಿರ್ಧರಿಸುವುದು ಒಂದು ಪುಟ್ಟ ಕಂಪ್ಯೂಟರು. ಸ್ಕ್ರೂ ತಿರುಗಿಸುವ ಕೈಗೆ ಕೆಲಸವಿಲ್ಲದಾದಾಗ ಆ ಕಂಪ್ಯೂಟರಿಗೆ ಸುಳ್ಳು ಹೇಳುವ ಪೆಟ್ಟಿಗೆ ಬಂತು.

ಸುಳ್ಳು ಎಂಬುದು ಇಲ್ಲಿ ಬೈಗುಳವಲ್ಲ, ಕ್ರಿಯೆಯ ವಿವರಣೆ. ಕಾಮನ್ ರೈಲ್ ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡವನ್ನು ಅಳೆಯುವ ಒಂದು ಸಂವೇದಕವಿರುತ್ತದೆ. ಪೆಟ್ಟಿಗೆಯು ಸಂವೇದಕಕ್ಕೂ ಕಂಪ್ಯೂಟರಿಗೂ ನಡುವೆ ಕುಳಿತು, ಒತ್ತಡ ಇರುವುದಕ್ಕಿಂತ ಕಡಿಮೆ ಇದೆಯೆಂದು ವರದಿ ಮಾಡುತ್ತದೆ. ಕಂಪ್ಯೂಟರು ಅದನ್ನು ನಂಬಿ ಒತ್ತಡ ಏರಿಸುತ್ತದೆ. ಇಂಜೆಕ್ಟರ್ ತೆರೆದಿರುವ ಅಷ್ಟೇ ಹೊತ್ತಿನಲ್ಲಿ ಹೆಚ್ಚು ಡೀಸೆಲ್ ಒಳಹೋಗುತ್ತದೆ. ಇನ್ನೊಂದು ವಿಧಾನದಲ್ಲಿ ಪೆಟ್ಟಿಗೆಯೇ ಇಲ್ಲ. ಲ್ಯಾಪ್‌ಟಾಪ್ ಜೋಡಿಸಿ ಕಂಪ್ಯೂಟರಿನೊಳಗಿನ ಲೆಕ್ಕದ ಕೋಷ್ಟಕವನ್ನೇ ತಿದ್ದಿಬಿಡುತ್ತಾರೆ. ಇದಕ್ಕೆ ರೀಮ್ಯಾಪ್ ಎಂದು ಹೆಸರು. ಕೆಲವು ನೂರು ರೂಪಾಯಿಗೆ ಸಿಗುವ, ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚುವ ಮೂರನೆಯ ಬಗೆಯದೊಂದಿದೆ. ಅದರಲ್ಲಿ ಬಹುತೇಕ ಮಿನುಗುವ ದೀಪವಲ್ಲದೆ ಬೇರೇನೂ ಇರುವುದಿಲ್ಲ. ಪರಿಸರದ ದೃಷ್ಟಿಯಿಂದ ಅದೇ ಅತ್ಯಂತ ನಿರುಪದ್ರವಿ.

ಮೊದಲೆರಡು ಬಗೆಯವು ಕೆಲಸ ಮಾಡುತ್ತವೆ ಎಂಬುದನ್ನು ಪರಿಸರಾಸಕ್ತರು ಮೊದಲು ಒಪ್ಪಿಕೊಳ್ಳಬೇಕು. ಎಳೆತ ನಿಜವಾಗಿಯೂ ಹೆಚ್ಚುತ್ತದೆ. ಅದು ಮೋಸ ಎಂದು ಬೋಧಿಸಹೊರಟರೆ, ಏರಿನಲ್ಲಿ ಮೂರನೆಯ ಗೇರಿನಲ್ಲಿಯೇ ಹತ್ತಿದ ಚಾಲಕ ನಕ್ಕುಬಿಡುತ್ತಾನೆ. ಕೇಳಬೇಕಾದ ಪ್ರಶ್ನೆ, ಆ ಎಳೆತ ಎಲ್ಲಿಂದ ಬಂತು ಎಂಬುದು.

ಒಂದು ಕಿಲೋ ಡೀಸೆಲ್ ಪೂರ್ಣವಾಗಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆಯೂ ಗಾಳಿಯೂ ಬೆರೆಯಲು ಸಿಗುವ ಕಾಲ ಅತ್ಯಲ್ಪವಾದ್ದರಿಂದ ತಯಾರಕರು ಇದಕ್ಕಿಂತ ಸಾಕಷ್ಟು ಹೆಚ್ಚು ಗಾಳಿ ಇರುವಂತೆ ನೋಡಿಕೊಳ್ಳುತ್ತಾರೆ. ಆ ಅಂತರವನ್ನು ಚಿಪ್ ತಿಂದುಹಾಕುತ್ತದೆ. ರೈತರಿಗೆ ಇದನ್ನು ಹೇಳುವುದು ಸುಲಭ. ಬೆಳೆಯ ಇಳುವರಿಯನ್ನು ನಿರ್ಧರಿಸುವುದು ಅತ್ಯಂತ ಕೊರತೆಯಲ್ಲಿರುವ ಪೋಷಕಾಂಶ ಎಂಬುದು ಲೀಬಿಗ್ ಪ್ರಚುರಪಡಿಸಿದ ಕನಿಷ್ಠದ ನಿಯಮ. ಪೊಟ್ಯಾಷ್ ಇಲ್ಲದ ಮಣ್ಣಿಗೆ ಯೂರಿಯಾ ಸುರಿದರೆ ಮೊದಮೊದಲು ಎಲೆ ಕಪ್ಪುಹಸುರಾಗಿ ಹಿಗ್ಗುತ್ತದೆ. ಅನಂತರ ಸುರಿದದ್ದು ಗಿಡಕ್ಕೆ ಸೇರದೆ ನೈಟ್ರೇಟಾಗಿ ಬಾವಿಯ ನೀರಿಗೆ ಇಳಿಯುತ್ತದೆ. ಎಂಜಿನ್ನಿನಲ್ಲಿ ಕೊರತೆಯಿರುವುದು ಗಾಳಿಗೆ. ಅದನ್ನು ಹೆಚ್ಚಿಸದೆ ಎಣ್ಣೆ ಸುರಿದರೆ ಒಂದಷ್ಟು ಶಕ್ತಿಯಾಗುತ್ತದೆ, ಉಳಿದದ್ದು ಮಸಿಯಾಗಿ ಹೊರಬೀಳುತ್ತದೆ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ ಎಂಬುದನ್ನೂ ಇಲ್ಲಿ ಸೇರಿಸಿಕೊಳ್ಳಬೇಕು. ಬಯಲಿನಲ್ಲಿ ಬಿಳಿದಾಗಿ ಕಂಡ ಹೊಗೆ ಘಟ್ಟದ ತಿರುವಿನಲ್ಲಿ ಕಪ್ಪಾಗುವುದಕ್ಕೆ ಇದೂ ಒಂದು ಕಾರಣ.

‘ಶಕ್ತಿಯೂ ಹೆಚ್ಚು, ಮೈಲೇಜೂ ಹೆಚ್ಚು’ ಎಂಬ ಮಾರಾಟದ ಮಾತಿನಲ್ಲಿ ಕೊಂಚ ಸತ್ಯವಿದೆ, ಮತ್ತು ಅಪಾಯವಿರುವುದು ಅಲ್ಲಿಯೇ. ಎಣ್ಣೆಯನ್ನು ಕೊಂಚ ಮೊದಲೇ ಚಿಮ್ಮಿಸಿದರೆ ದಹನ ಬಿಸಿಯಾಗಿ, ಎಣ್ಣೆಯ ಬಳಕೆ ಒಂದಿಷ್ಟು ಇಳಿಯಬಹುದು. ಆದರೆ ಹಾಗೆ ಬಿಸಿಯಾದಷ್ಟೂ ಗಾಳಿಯಲ್ಲಿನ ಸಾರಜನಕ ಉರಿದು ಅದರ ಆಕ್ಸೈಡುಗಳು ಹೆಚ್ಚುತ್ತವೆ. ಅವು ಕಣ್ಣಿಗೆ ಕಾಣುವುದಿಲ್ಲ. ಫೋಕ್ಸ್‌ವ್ಯಾಗನ್ ಕಂಪನಿಯಂಥ ದೈತ್ಯ ಸಂಸ್ಥೆಯೇ ಈ ಇಕ್ಕಟ್ಟಿನಲ್ಲಿ ಸಿಲುಕಿ, ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಸಾಧುವಾಗುವ ತಂತ್ರಾಂಶವನ್ನು ಜಗತ್ತಿನಾದ್ಯಂತ ಸುಮಾರು 1.1 ಕೋಟಿ ವಾಹನಗಳಲ್ಲಿ ಅಡಗಿಸಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಅದು ಬಯಲಾಯಿತು. ರಸ್ತೆಯಲ್ಲಿ ಆ ಕಾರುಗಳು ಅಮೆರಿಕದ ಮಿತಿಗಿಂತ 40 ಪಟ್ಟಿನವರೆಗೆ ಸಾರಜನಕದ ಆಕ್ಸೈಡ್ ಉಗುಳುತ್ತಿದ್ದವು. ಭಾರತದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮಾರ್ಚ್‌ನಲ್ಲಿ 500 ಕೋಟಿ ರೂಪಾಯಿ ದಂಡ ವಿಧಿಸಿತು. ಬಲವಂತದ ವಸೂಲಿಗೆ ಸುಪ್ರೀಂ ಕೋರ್ಟ್ ತಡೆ ನೀಡಿತು. ಕಂಪನಿಯ ಕಾರ್ಖಾನೆಯಲ್ಲಿ ಮಾಡಿದಾಗ ಜಗದ್ವಿಖ್ಯಾತ ಹಗರಣವಾದ ಕೆಲಸವೇ ಗ್ಯಾರೇಜಿನಲ್ಲಿ ನಡೆದಾಗ ‘ಟ್ಯೂನಿಂಗ್’ ಆಗುತ್ತದೆ.

ಪಿಕಪ್‌ಗಳ ವಿಷಯದಲ್ಲಿ ಅಮೆರಿಕದ ಅನುಭವ ಇನ್ನೂ ನೇರವಾಗಿದೆ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಮಾಡಿದ ಅಂದಾಜಿನಂತೆ, ಹಿಂದಿನ ಒಂದು ದಶಕದಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳಿಂದ ಮಾಲಿನ್ಯ ನಿಯಂತ್ರಣದ ಸಾಧನಗಳನ್ನು ಕಿತ್ತುಹಾಕಲಾಗಿತ್ತು. ಅವು ಹೆಚ್ಚುವರಿಯಾಗಿ ಉಗುಳುವ ಹೊಗೆ 90 ಲಕ್ಷ ಹೊಸ ಪಿಕಪ್‌ಗಳನ್ನು ರಸ್ತೆಗಿಳಿಸಿದ್ದಕ್ಕೆ ಸಮ. ಬೇಕೆಂದೇ ಕಪ್ಪು ಹೊಗೆ ಕಾರಿ ಸೈಕಲ್ ಸವಾರರನ್ನು ಅಣಕಿಸುವ ಮೋಜೂ ಅಲ್ಲಿತ್ತು. ಇಲ್ಲಿನ ಚಾಲಕನಿಗೆ ಆ ಮೋಜಿಲ್ಲ, ಅವನದು ಹೊಟ್ಟೆಪಾಡು.

ಹೊಗೆ ಬೆಳೆಗೆ ಏನು ಮಾಡುತ್ತದೆ ಎಂಬುದು ಸಭೆಗಳಲ್ಲಿ ಅಪರೂಪಕ್ಕೆ ಚರ್ಚೆಯಾಗುವ ವಿಷಯ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿಯೇ ಘೋಷಿಸಿದ್ದು ತಿಳಿದ ಸಂಗತಿ. ಬೆಳೆಯ ಕಥೆ ಬೇರೆ. ಸಾರಜನಕದ ಆಕ್ಸೈಡುಗಳು, ಆವಿಯಾದ ಇಂಗಾಲದ ಸಂಯುಕ್ತಗಳು, ಬಿಸಿಲು ಈ ಮೂರೂ ಸೇರಿದಾಗ ನೆಲಮಟ್ಟದಲ್ಲಿ ಓಝೋನ್ ಹುಟ್ಟುತ್ತದೆ. ನಗರದ ನಡುವೆ ತಾಜಾ ಹೊಗೆಯೇ ಆ ಓಝೋನನ್ನು ತಿಂದುಹಾಕುವುದರಿಂದ, ಗಾಳಿ ಬೀಸುವ ದಿಕ್ಕಿನ ಹಳ್ಳಿಗಳಲ್ಲಿ ಅದರ ಪ್ರಮಾಣ ನಗರಕ್ಕಿಂತ ಹೆಚ್ಚಿರುವುದುಂಟು. ಅದು ಪತ್ರರಂಧ್ರಗಳ ಮೂಲಕ ಎಲೆಯೊಳಗೆ ಹೋಗಿ ಜೀವಕೋಶಗಳನ್ನು ಘಾಸಿಗೊಳಿಸುತ್ತದೆ, ದ್ಯುತಿಸಂಶ್ಲೇಷಣೆಯನ್ನು ಕುಂದಿಸುತ್ತದೆ. ಅಮೆರಿಕದಲ್ಲಿ ತಂಬಾಕಿನ ಎಲೆಯ ಮೇಲೆ ಕಾಣುತ್ತಿದ್ದ ಬಿಳಿಚುಕ್ಕೆಗಳನ್ನು ಬಹುಕಾಲ ಹವಾಮಾನದ ಕಾಟವೆಂದೇ ಭಾವಿಸಲಾಗಿತ್ತು. ಅದು ಓಝೋನಿನ ಗಾಯವೆಂದು ಸ್ಥಿರಪಟ್ಟದ್ದು 1950ರ ದಶಕದ ಕೊನೆಗೆ. ಆ ಬಳಿಕ ತಂಬಾಕಿನ ಒಂದು ಸೂಕ್ಷ್ಮ ತಳಿಯನ್ನು ಗಾಳಿಯ ಮಾಪಕವಾಗಿಯೇ ಬೆಳೆಸತೊಡಗಿದರು. ಹುರುಳಿಕಾಯಿ, ಸೋಯಾ, ಗೋಧಿ, ಆಲೂಗಡ್ಡೆಗಳೂ ಈ ಅನಿಲಕ್ಕೆ ಮೆತ್ತಗಾಗುವ ಬೆಳೆಗಳು. ಹುಣಸೂರು, ಪಿರಿಯಾಪಟ್ಟಣಗಳು ತಂಬಾಕಿನ ಸೀಮೆ. ಘಟ್ಟದ ಅಂಚಿನ ಊರುಗಳಲ್ಲಿ ಹುರುಳಿಕಾಯಿ ಸಾಮಾನ್ಯ ಬೆಳೆ. ಎಲೆಯಲ್ಲಿ ಚುಕ್ಕೆ ಕಂಡಾಗ ಔಷಧಿ ಅಂಗಡಿಗೆ ಓಡುವ ಮೊದಲು ಶಿಲೀಂಧ್ರವೇ ಹೌದೇ ಎಂದು ಪರೀಕ್ಷಿಸುವ ಅಭ್ಯಾಸ ಬೆಳೆಯಬೇಕಾಗಿದೆ.

ಚಾಲಕ ಚಿಪ್ ಹಾಕಿಸುವುದೇಕೆ? ಪಿಕಪ್‌ನ ಬಾಡಿಗೆ ಟ್ರಿಪ್ಪಿನ ಲೆಕ್ಕ. ಸಾಲದ ಕಂತು ತಿಂಗಳ ಲೆಕ್ಕ. ಎರಡು ಟ್ರಿಪ್ಪಿನ ಸರಕನ್ನು ಒಂದರಲ್ಲಿ ಹೊತ್ತರೆ ಕಂತು ಕಟ್ಟಬಹುದು. ಒಂದೂವರೆ ಟನ್ನಿನ ವಾಹನದ ಮೇಲೆ ಎರಡೂವರೆ ಟನ್ ಶುಂಠಿ ಏರುವುದು ಹೀಗೆ. ತೂಕ ಹೇರುವಂತೆ ಒತ್ತಾಯಿಸುವವರಲ್ಲಿ ವ್ಯಾಪಾರಿ ಮಾತ್ರವಲ್ಲ, ಬಾಡಿಗೆ ಉಳಿಸಬಯಸುವ ಬೆಳೆಗಾರನೂ ಇದ್ದಾನೆ ಎಂಬುದನ್ನು ಚಳವಳಿಯ ಪತ್ರಿಕೆಗಳು ಬರೆಯುವುದು ಕಡಿಮೆ. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಅದು ವನ್ಯಜೀವಿಗಳಿಗೆ ಅತ್ಯಗತ್ಯವಾದ ನಿರ್ಬಂಧ. ಸಡಿಲಿಸುವ ಮಾತೇ ಬೇಡ. ಆದರೆ ಗೇಟು ಮುಚ್ಚುವ ಮುನ್ನ ತಲುಪಬೇಕೆಂಬ ಧಾವಂತದಲ್ಲಿ ಚಿಪ್‌ನ ವೇಗಕ್ಕೊಂದು ಬೆಲೆ ಬರುತ್ತದೆ ಎಂಬುದನ್ನೂ ಮರೆಯಲಾಗದು.

ಚಿಪ್ ಎಂಜಿನ್ನಿನ ಶಕ್ತಿ ಹೆಚ್ಚಿಸುತ್ತದೆ, ಬ್ರೇಕಿನದಲ್ಲ. ಕ್ಲಚ್, ಗೇರ್‌ಬಾಕ್ಸ್, ಆಕ್ಸಲ್, ಪಟ್ಟಿ ಎಲ್ಲವೂ ಮೊದಲಿನ ಅಳತೆಯವೇ. ಹತ್ತಲಾರದ ತೂಕವನ್ನು ಹತ್ತಿಸಿದ ಮೇಲೆ ಅದನ್ನು ಇಳಿಸಲೂಬೇಕು. ಸಂಪಾಜೆ ಘಾಟಿಯ ಇಳಿಜಾರಿನಲ್ಲಿ ಕಾದ ಬ್ರೇಕ್ ಲೈನಿಂಗಿನ ವಾಸನೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲು ಏರಿನಲ್ಲಿ ಎಂಜಿನ್ನೇ ‘ಸಾಕು’ ಎನ್ನುತ್ತಿತ್ತು. ಆ ಎಚ್ಚರಿಕೆಯನ್ನು ದುಡ್ಡು ಕೊಟ್ಟು ತೆಗೆಸಿದಂತಾಯಿತು.

ಕಾನೂನು ಸ್ಪಷ್ಟವಾಗಿಯೇ ಇದೆ. ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿಷೇಧಿಸುತ್ತದೆ; ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಅಪಘಾತವಾದಾಗ ವಿಮೆಯ ಸರ್ವೇಯರ್ ಇದನ್ನೇ ಹಿಡಿದು ತಕರಾರೆತ್ತಬಹುದು.

ಹಿಡಿಯುವ ಬಲೆ ಮಾತ್ರ ಹರಿದಿದೆ. ಹೊಗೆ ತಪಾಸಣಾ ಕೇಂದ್ರದಲ್ಲಿ ಡೀಸೆಲ್ ವಾಹನವನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಆಕ್ಸಿಲರೇಟರ್ ಒತ್ತಿ, ಹೊಗೆಯ ದಟ್ಟಣೆಯನ್ನಷ್ಟೇ ಅಳೆಯುತ್ತಾರೆ. ಸ್ಟೇಜ್ 4ರ ವಾಹನಕ್ಕೆ 50 ಹಾರ್ಟ್‌ರಿಡ್ಜ್ ಘಟಕ, ಅದಕ್ಕೂ ಹಳೆಯದಕ್ಕೆ 65 ಮಿತಿ. ಸರಕು ಹೊತ್ತು ಏರುವಾಗಿನ ಹೊಗೆ ಈ ಪರೀಕ್ಷೆಗೆ ಸಿಗುವುದಿಲ್ಲ. ಸಾರಜನಕದ ಆಕ್ಸೈಡುಗಳನ್ನು ಡೀಸೆಲ್ ವಾಹನಗಳಲ್ಲಿ ಅಳೆಯುವ ಏರ್ಪಾಡೇ ಇಲ್ಲ. ಪೆಟ್ಟಿಗೆಯ ಪ್ಲಗ್ ಕಳಚಲು ಐದು ನಿಮಿಷ ಸಾಕು. ಘಟ್ಟದ ತಳದ ಚೆಕ್‌ಪೋಸ್ಟುಗಳಲ್ಲಿ ತೂಕದ ಸೇತುವೆ ಇರಬೇಕು, ಏರಿನಲ್ಲಿ ಸಾಗುವ ವಾಹನದ ಹೊಗೆಯನ್ನು ರಸ್ತೆಬದಿಯಿಂದಲೇ ಅಳೆಯುವ ಉಪಕರಣ ಬರಬೇಕು ಎಂಬ ಬೇಡಿಕೆ ಚಿಪ್ ನಿಷೇಧದ ಕೂಗಿಗಿಂತ ಹೆಚ್ಚು ಉಪಯುಕ್ತ. ತೂಕ ನಿಯಂತ್ರಣಕ್ಕೆ ಬಂದರೆ ಚಿಪ್ ಕೊಳ್ಳುವ ಕಾರಣವೇ ಅರ್ಧ ಕಳಚಿಕೊಳ್ಳುತ್ತದೆ.

ಹೊಸ ವಾಹನಗಳಲ್ಲಿ ಇನ್ನೊಂದು ಪಿಡುಗು ಆರಂಭವಾಗಿದೆ. ಸ್ಟೇಜ್ 6ರ ಡೀಸೆಲ್ ವಾಹನಗಳಲ್ಲಿ ಮಸಿಯನ್ನು ಹಿಡಿದಿಡುವ ಶೋಧಕವಿದೆ. ಕೆಲವದರಲ್ಲಿ ಯೂರಿಯಾ ದ್ರಾವಣವನ್ನು ಹೊಗೆಗೆ ಸಿಂಪಡಿಸಿ ಸಾರಜನಕದ ಆಕ್ಸೈಡುಗಳನ್ನು ನಿರಪಾಯಕಾರಿ ಸಾರಜನಕವಾಗಿ ಬದಲಾಯಿಸುವ ವ್ಯವಸ್ಥೆಯೂ ಇದೆ. ಆ ದ್ರಾವಣದಲ್ಲಿ ಯೂರಿಯಾ ಶೇ. 32.5. ಗೊಬ್ಬರದ ಯೂರಿಯಾವನ್ನು ನೀರಿಗೆ ಕದಡಿ ಸುರಿಯಲು ಹೋದರೆ ಅದರ ಕಲ್ಮಶಗಳು ವ್ಯವಸ್ಥೆಯನ್ನೇ ಕೆಡಿಸುತ್ತವೆ ಎಂಬುದನ್ನು ರೈತ ಮಾಲೀಕರು ಗಮನಿಸಬೇಕು. ಶೋಧಕವು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಲು ದೀರ್ಘವಾದ, ಬಿಸಿಯಾದ ಓಟ ಬೇಕು. ಮಾರುಕಟ್ಟೆ, ಅಂಗಡಿ, ಮತ್ತೆ ಮಾರುಕಟ್ಟೆ ಎಂದು ಗಲ್ಲಿಗಳಲ್ಲಿಯೇ ಸುತ್ತುವ ವಾಹನದಲ್ಲಿ ಅದು ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತುತ್ತದೆ. ಆಗ ‘ತೆಗೆಸಿಬಿಡಿ, ಚಿಪ್ ಹಾಕಿ ದೀಪ ಆರಿಸುತ್ತೇವೆ’ ಎಂಬ ಸಲಹೆ ಸಿಗುತ್ತದೆ. ಅದಕ್ಕೆ ಕಿವಿಗೊಡುವ ಮೊದಲು ಏರ್ ಫಿಲ್ಟರ್, ಇಂಜೆಕ್ಟರ್, ಟರ್ಬೋದ ಕೊಳವೆ, ಟೈರಿನ ಗಾಳಿ ಇಷ್ಟನ್ನು ಪರೀಕ್ಷಿಸಿದರೆ ಕಳೆದುಹೋದ ಎಳೆತ ಬಹಳ ಸಲ ಅಲ್ಲಿಯೇ ಸಿಗುತ್ತದೆ. ಶೋಧಕದ ದೀಪಕ್ಕೆ, ಕೈಪಿಡಿಯಲ್ಲಿ ಹೇಳಿದಂತೆ, ಹೆದ್ದಾರಿಯಲ್ಲಿ ಒಂದೇ ವೇಗದ ಇಪ್ಪತ್ತು ನಿಮಿಷದಷ್ಟು ಓಟ ಸಾಮಾನ್ಯವಾಗಿ ಸಾಕು. ಬನ್ನಿಮಂಟಪದಿಂದ ಹೊರವರ್ತುಲ ರಸ್ತೆ ದೂರವೇನಿಲ್ಲ. ಸರಕು ಇಳಿಸಿ ಊರಿಗೆ ಮರಳುವ ದಾರಿಯಲ್ಲಿಯೇ ಆ ಕೆಲಸ ಮುಗಿಯುತ್ತದೆ.