ಜಲಜನಕದ ಕಾರು: ಆಸೆ ಎಷ್ಟು, ಅನುಮಾನ ಎಷ್ಟು?

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು, ಕನ್ನಡ ಕಲಿಸುವವರಿಗೂ ಕಾರಿನ ಎಂಜಿನ್ನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಎಂಬ ನಮ್ಮ ನಾಲ್ಕೂ ಊರುಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಗಾಡಿಯ ದುಡಿಮೆಯಿಂದ. ಒಬ್ಬರು ಟಂಟಂ ಓಡಿಸುತ್ತಾರೆ, ಒಬ್ಬರು ಲಾರಿ ಡ್ರೈವರ್, ಇನ್ನೊಬ್ಬರದು ಗ್ಯಾರೇಜು. ಹತ್ತನೆಯ ತರಗತಿ ಮುಗಿಸಿದ ಮಗ ಯಾವ ಕೆಲಸ ಕಲಿಯಬೇಕೆಂದು ತಂದೆ-ತಾಯಿ ಕೇಳುವುದು ಶಿಕ್ಷಕರನ್ನೇ. "ಪೆಟ್ರೋಲ್ ಗಾಡಿ ಇನ್ನ ಬಂದ್ ಆಗ್ತಾವಂತ, ನೀರಿನ ಮ್ಯಾಲೆ ಓಡೋ ಕಾರ್ ಬರ್ತೈತಂತ, ಹೌದೇನ್ರಿ ಸರ?" ಎಂಬ ಪ್ರಶ್ನೆಗೆ ನೆಟ್ಟಗೆ ಉತ್ತರ ಹೇಳುವುದು ನಮ್ಮ ಹೊಣೆ. ತಪ್ಪು ಉತ್ತರ ಹೇಳಿದರೆ ಒಬ್ಬ ಹುಡುಗನ ವರ್ಷಗಳು ಹಾಳಾಗುತ್ತವೆ. ಆದ್ದರಿಂದಲೇ ಈ ವಿಷಯ ಆರಿಸಿಕೊಂಡಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ನೀರಿನಿಂದ ಓಡುವ ಕಾರು ಎಂಬುದು ಇಲ್ಲ. ಇರುವುದು ಹೈಡ್ರೋಜನ್ ಅನಿಲದಿಂದ ಓಡುವ ಕಾರು. ಕನ್ನಡದಲ್ಲಿ ಹೈಡ್ರೋಜನ್ನಿಗೆ ಜಲಜನಕ ಎಂಬ ಸೊಗಸಾದ ಹೆಸರಿದೆ. ನೀರಿಗೆ ಜನ್ಮ ಕೊಡುವುದು ಎಂದರ್ಥ. ಈ ಹೆಸರಿನಲ್ಲಿಯೇ ಇಡೀ ತತ್ವ ಅಡಗಿದೆ. ಜಲಜನಕವೂ ಗಾಳಿಯಲ್ಲಿರುವ ಆಮ್ಲಜನಕವೂ ಕೂಡಿದಾಗ ನೀರಾಗುತ್ತದೆ, ಶಕ್ತಿ ಹೊರಬೀಳುತ್ತದೆ. ಆ ಶಕ್ತಿಯನ್ನು ಬೆಂಕಿಯಾಗಿ ಬಿಡದೆ ನೇರವಾಗಿ ವಿದ್ಯುತ್ತಾಗಿ ಹಿಡಿಯುವ ಉಪಕರಣಕ್ಕೆ ಇಂಧನ ಕೋಶ, ಅಂದರೆ ಫ್ಯುಯೆಲ್ ಸೆಲ್ ಎನ್ನುತ್ತಾರೆ. ಆ ವಿದ್ಯುತ್ತಿನಿಂದ ಮೋಟಾರು ತಿರುಗುತ್ತದೆ, ಹಿಂದಿನ ಕೊಳವೆಯಿಂದ ಹೊಗೆಯ ಬದಲು ನೀರಾವಿ ಬರುತ್ತದೆ.

ಇದು ಹೊಸದೇನೂ ಅಲ್ಲ. ವಿಲಿಯಂ ಗ್ರೋವ್ ಎಂಬ ವಿಜ್ಞಾನಿ 1839ರಲ್ಲಿಯೇ ಇದನ್ನು ಮಾಡಿ ತೋರಿಸಿದ್ದನು. ಚಂದ್ರನತ್ತ ಹೋದ ಅಪೊಲೊ ನೌಕೆಗಳಿಗೆ ವಿದ್ಯುತ್ ಕೊಟ್ಟದ್ದು ಇಂಧನ ಕೋಶಗಳೇ. ಅವುಗಳಿಂದ ಬಂದ ನೀರನ್ನು ಯಾತ್ರಿಗಳು ಕುಡಿದರು. ಅಂದಮೇಲೆ ವಿದ್ಯೆ ಸತ್ಯ, ಅದರಲ್ಲಿ ಸಂದೇಹವಿಲ್ಲ. ಸಂದೇಹ ಇರುವುದು ನಮ್ಮ ಬೀದಿಯ ಪೆಟ್ರೋಲ್ ಕಾರಿನ ಜಾಗವನ್ನು ಇದು ಹಿಡಿಯುತ್ತದೆಯೇ ಎಂಬುದರಲ್ಲಿ.

ಮೊದಲನೆಯ ಸಂದೇಹ: ಜಲಜನಕ ಎಲ್ಲಿಂದ ಬರುತ್ತದೆ? ಕಚ್ಚಾ ಎಣ್ಣೆಯ ಹಾಗೆ ಬಾವಿ ತೋಡಿ ಬೇಕಾದಷ್ಟು ತೆಗೆಯುವ ವಸ್ತು ಅದಲ್ಲ. ಬೇರೆ ವಸ್ತುವಿನಿಂದ ಬಿಡಿಸಿ ತೆಗೆಯಬೇಕು. ಇಂದು ಜಗತ್ತಿನಲ್ಲಿ ತಯಾರಾಗುವ ಜಲಜನಕದ ಬಹುಪಾಲು ನೈಸರ್ಗಿಕ ಅನಿಲದಿಂದ ಮತ್ತು ಕಲ್ಲಿದ್ದಲಿನಿಂದ ಬರುತ್ತದೆ. ನೈಸರ್ಗಿಕ ಅನಿಲದಿಂದ ಒಂದು ಕಿಲೋ ಜಲಜನಕ ತೆಗೆದರೆ ಸುಮಾರು 9ರಿಂದ 10 ಕಿಲೋ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಕಾರಿನ ಹಿಂದೆ ಹೊಗೆ ಕಾಣುವುದಿಲ್ಲ, ನಿಜ. ಹೊಗೆ ಕಾರ್ಖಾನೆಯ ಚಿಮಣಿಗೆ ಹೋಗಿ ಕೂತಿರುತ್ತದೆ.

ಹಾಗಾದರೆ ನೀರಿನಿಂದಲೇ ತೆಗೆಯೋಣ ಎನ್ನಬಹುದು. ವಿದ್ಯಾರ್ಥಿಗಳೆ, ನೀರಿನ ವಿದ್ಯುದ್ವಿಭಜನೆಯ ಪ್ರಯೋಗವನ್ನು ನೀವು ಓದಿದ್ದೀರಿ. ನೀರಿನಲ್ಲಿ ವಿದ್ಯುತ್ ಹರಿಸಿದಾಗ ಒಂದು ನಳಿಕೆಯಲ್ಲಿ ಆಮ್ಲಜನಕ, ಇನ್ನೊಂದರಲ್ಲಿ ಅದರ ಎರಡರಷ್ಟು ಜಲಜನಕ. ಇದನ್ನೇ ದೊಡ್ಡದಾಗಿ, ಸೂರ್ಯ ಮತ್ತು ಗಾಳಿಯ ವಿದ್ಯುತ್ತಿನಿಂದ ಮಾಡಿದರೆ ಅದಕ್ಕೆ ಹಸಿರು ಜಲಜನಕ ಎನ್ನುತ್ತಾರೆ. ಒಳ್ಳೆಯದೇ. ಆದರೆ ಇಲ್ಲಿ ಎರಡನೆಯ ಸಂದೇಹ ಬರುತ್ತದೆ, ಅದು ಲೆಕ್ಕದ್ದು.

ಒಂದು ಕಿಲೋ ಜಲಜನಕ ತಯಾರಿಸಲು 50 ಯೂನಿಟ್ಟಿಗಿಂತ ಹೆಚ್ಚು ವಿದ್ಯುತ್ ಬೇಕು. ಅದನ್ನು ಒತ್ತಿ ಟಾಕಿಗೆ ತುಂಬಲು ಮತ್ತಷ್ಟು ಬೇಕು. ಕಾರಿನಲ್ಲಿ ಅದು ಮತ್ತೆ ವಿದ್ಯುತ್ತಾಗುವಾಗ ಸುಮಾರು ಅರ್ಧ ಶಾಖವಾಗಿ ಹೋಗುತ್ತದೆ. ಕೊನೆಗೆ 100 ಯೂನಿಟ್ ಹಾಕಿದರೆ ಗಾಲಿಗೆ ಮುಟ್ಟುವುದು ಹೆಚ್ಚು ಕಡಿಮೆ 30. ಅದೇ 100 ಯೂನಿಟ್ಟನ್ನು ನೇರವಾಗಿ ಬ್ಯಾಟರಿಗೆ ತುಂಬಿದರೆ 70ರಿಂದ 80 ಗಾಲಿಗೆ ಮುಟ್ಟುತ್ತದೆ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವು ಹೊಲವಲ್ಲ, ಅದರಲ್ಲಿ ಜೋಳ ಬೆಳೆಯುವುದಿಲ್ಲ, ಹಾಕಿದ್ದನ್ನೇ ತೆಗೆಯಬೇಕು. ಜಲಜನಕವೂ ವಿದ್ಯುತ್ತಿನ ಹಗೇವು. ಹತ್ತು ಚೀಲ ಹಾಕಿ ಮೂರು ಚೀಲ ತೆಗೆಯುವ ಹಗೇವನ್ನು ಯಾವ ರೈತನೂ ಬೇರೆ ದಾರಿ ಇರುವಾಗ ಬಳಸುವುದಿಲ್ಲ.

ವಿದ್ಯುತ್ತು ಬಿಟ್ಟಿ ಬರುವುದಿಲ್ಲ ಎಂಬುದನ್ನು ಬಾಗಲಕೋಟೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆಲಮಟ್ಟಿಯ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವ್ಯಾಟ್. ಆ ಅಣೆಕಟ್ಟಿನಿಂದ ಹೊಲಗಳಿಗೆ ನೀರು ಬಂತು, ಬೆಳಕು ಬಂತು. ಜೊತೆಗೆ ಹಳೆಯ ಊರಿನ ಓಣಿಗಳು ಹಿನ್ನೀರಿಗೆ ಹೋದವು, ಜನ ನವನಗರಕ್ಕೆ ಬಂದರು. ಇಷ್ಟು ಬೆಲೆ ತೆತ್ತು ಪಡೆದ ವಿದ್ಯುತ್ತಿನ ಮೂರರಲ್ಲಿ ಎರಡು ಪಾಲು ದಾರಿಯಲ್ಲೇ ಸೋರಿಹೋಗುವುದನ್ನು ನಾವು ಸುಲಭವಾಗಿ ಒಪ್ಪಬಾರದು.

ಮೂರನೆಯದು ತುಂಬುವ ಮತ್ತು ಸಾಗಿಸುವ ಕಷ್ಟ. ಜಲಜನಕ ಎಲ್ಲಕ್ಕಿಂತ ಹಗುರವಾದ ಅನಿಲ. ಟೊಯೊಟಾ ಕಂಪನಿಯ ಮಿರಾಯ್ ಕಾರಿನಲ್ಲಿ 5.6 ಕಿಲೋ ಜಲಜನಕ ಹಿಡಿಸಲು ವಾಯುಮಂಡಲದ ಒತ್ತಡದ ಸುಮಾರು 700 ಪಟ್ಟು ಒತ್ತಬೇಕು. ನಮ್ಮ ಅಡುಗೆ ಸಿಲಿಂಡರಿನೊಳಗಿನ ಒತ್ತಡ ಸಾಮಾನ್ಯವಾಗಿ ಹತ್ತು ಪಟ್ಟನ್ನೂ ದಾಟುವುದಿಲ್ಲ. ಅಂಥ ಪಂಪು ಕೂಡಿಸುವುದು ದೊಡ್ಡ ಖರ್ಚಿನ ಕೆಲಸ. ಕಾರುಗಳಿಲ್ಲದೆ ಪಂಪು ನಡೆಯುವುದಿಲ್ಲ, ಪಂಪಿಲ್ಲದೆ ಕಾರು ಯಾರೂ ಕೊಳ್ಳುವುದಿಲ್ಲ. ಅಮೆರಿಕದ ಶ್ರೀಮಂತ ರಾಜ್ಯ ಕ್ಯಾಲಿಫೋರ್ನಿಯಾದಲ್ಲಿಯೇ ಶೆಲ್ ಕಂಪನಿ ಕಾರುಗಳಿಗಾಗಿ ಇದ್ದ ತನ್ನ ಜಲಜನಕ ಪಂಪುಗಳನ್ನು 2024ರಲ್ಲಿ ಮುಚ್ಚಿತು. ಹುನಗುಂದ ಕ್ರಾಸಿನಲ್ಲಿ ಅಂಥ ಪಂಪು ಯಾವಾಗ ಬಂದೀತು, ನೀವೇ ಯೋಚಿಸಿ.

ನಮ್ಮ ದೇಶದ ಅನುಭವವೂ ಇದನ್ನೇ ಹೇಳುತ್ತದೆ. 2006ರಲ್ಲಿ ಸಿದ್ಧವಾದ ರಾಷ್ಟ್ರೀಯ ಜಲಜನಕ ಮಾರ್ಗಸೂಚಿಯು 2020ರ ಹೊತ್ತಿಗೆ 10 ಲಕ್ಷ ಜಲಜನಕ ವಾಹನಗಳು ರಸ್ತೆಗೆ ಬರಬೇಕೆಂದು ಗುರಿ ಇಟ್ಟಿತ್ತು. 2013ರಲ್ಲಿ ಇಸ್ರೋ ಮತ್ತು ಟಾಟಾ ಮೋಟಾರ್ಸ್ ಕೂಡಿ ಮಹೇಂದ್ರಗಿರಿಯಲ್ಲಿ ಜಲಜನಕದ ಬಸ್ಸನ್ನು ಓಡಿಸಿ ತೋರಿಸಿದವು. ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಂಪನಿ 2022ರ ಮಾರ್ಚ್‌ನಲ್ಲಿ ಮಿರಾಯ್ ಕಾರಿನ ಪ್ರಯೋಗ ಆರಂಭಿಸಿತು. ಅದೇ ತಿಂಗಳು ಸಚಿವ ನಿತಿನ್ ಗಡ್ಕರಿ ಅವರು ಆ ಕಾರಿನಲ್ಲಿ ಸಂಸತ್ತಿಗೆ ಬಂದರು, ಪತ್ರಿಕೆಗಳಲ್ಲಿ ಚಿತ್ರ ಬಂತು. 2023ರಲ್ಲಿ 19,744 ಕೋಟಿ ರೂಪಾಯಿಯ ಹಸಿರು ಜಲಜನಕ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಆ ಯೋಜನೆಯಡಿ 2025ರ ಮಾರ್ಚ್‌ನಲ್ಲಿ ಪ್ರಯೋಗಕ್ಕೆಂದು ಮಂಜೂರಾದ ಬಸ್ಸು-ಲಾರಿಗಳು ಒಟ್ಟು 37. ಹತ್ತು ಲಕ್ಷದ ಕನಸೆಲ್ಲಿ, ಮೂವತ್ತೇಳರ ಪ್ರಯೋಗವೆಲ್ಲಿ! ಅತ್ತ ಬ್ಯಾಟರಿ ವಾಹನಗಳು ಕಾಯುತ್ತ ಕೂಡಲಿಲ್ಲ. 2024ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 1 ಕೋಟಿ 70 ಲಕ್ಷಕ್ಕೂ ಹೆಚ್ಚು ವಿದ್ಯುತ್ ಕಾರುಗಳು ಮಾರಾಟವಾದವು.

ಹಾಗೆಂದು ಜಲಜನಕ ನಿರುಪಯೋಗಿ ಎನ್ನುವುದು ನ್ಯಾಯವಲ್ಲ. ಗೊಬ್ಬರಕ್ಕೆ ಬೇಕಾದ ಅಮೋನಿಯ ತಯಾರಿಸಲು, ಎಣ್ಣೆ ಶುದ್ಧಿ ಮಾಡಲು ಜಲಜನಕ ಬೇಕೇ ಬೇಕು. ಕಲ್ಲಿದ್ದಲಿನ ಬದಲು ಅದನ್ನು ಬಳಸಿ ಉಕ್ಕು ತಯಾರಿಸಲೂಬಹುದು. ನಮಗೆ ಹತ್ತಿರದ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಗಾಗಿ 2025ರಲ್ಲಿ ಹಸಿರು ಜಲಜನಕದ ಘಟಕವೇ ಆರಂಭವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕೃಷಿ ತ್ಯಾಜ್ಯದಂಥ ಜೀವರಾಶಿಯಿಂದ ಜಲಜನಕ ತೆಗೆಯುವ ವಿಧಾನ ರೂಪಿಸಿದ್ದಾರೆ. ಇಳಕಲ್ಲಿನ ಕೆಂಪು ಗ್ರಾನೈಟ್ ಹೊತ್ತು ಬಹುದೂರ ಹೋಗುವ ಭಾರೀ ಲಾರಿಗಳಿಗೆ ಮುಂದೆ ಇದು ಹೊಂದಿದರೂ ಹೊಂದೀತು. ಅಂಥ ಲಾರಿಗೆ ಬ್ಯಾಟರಿಯ ತೂಕವೇ ಒಂದು ಹೊರೆ. ಆದರೆ ಬಾಗಲಕೋಟೆಯಿಂದ ಬಾದಾಮಿಗೆ ಹೋಗಿ ಸಂಜೆ ಮನೆ ಸೇರುವ ಗಾಡಿಗೆ ಜಲಜನಕದ ಅಗತ್ಯವೇ ಕಾಣುವುದಿಲ್ಲ.

ಇನ್ನು ಆ ತಂದೆ-ತಾಯಿಯ ಪ್ರಶ್ನೆಗೆ ಉತ್ತರ. ಪೆಟ್ರೋಲ್, ಡೀಸೆಲ್ ಗಾಡಿಗಳು ನಾಳೆಯೇ ಮಾಯವಾಗುವುದಿಲ್ಲ, ಗ್ಯಾರೇಜಿನವರು ಗಾಬರಿಯಾಗಬೇಕಿಲ್ಲ. ಆದರೆ ಸ್ಪ್ಯಾನರ್ ಒಂದನ್ನೇ ನಂಬಿ ಕೂಡುವ ಕಾಲವೂ ಇದಲ್ಲ. ಬರುವುದು ಬ್ಯಾಟರಿಯೇ ಇರಲಿ, ಜಲಜನಕವೇ ಇರಲಿ, ಎರಡರಲ್ಲೂ ಗಾಲಿ ತಿರುಗಿಸುವುದು ವಿದ್ಯುತ್ ಮೋಟಾರು. ಮೋಟಾರು, ವೈರಿಂಗು, ಬ್ಯಾಟರಿ ಬಲ್ಲ ಹುಡುಗನಿಗೆ ಎರಡು ಕಡೆಯೂ ಕೆಲಸ ಇದೆ. ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳನ್ನು ಹೊಸ ತಂತ್ರಜ್ಞಾನಕ್ಕೆ ತಕ್ಕಂತೆ ಮೇಲ್ದರ್ಜೆಗೆ ಏರಿಸಲಾಗಿದೆ. ಅಲ್ಲಿ ಏನೇನು ಕಲಿಸುತ್ತಾರೆಂದು ವಿಚಾರಿಸಿ ಮಕ್ಕಳನ್ನು ಕಳಿಸಿರಿ. ಗ್ಯಾರೇಜಿನಲ್ಲಿ ಈಗಾಗಲೇ ದುಡಿಯುತ್ತಿರುವ ಹುಡುಗರಿಗೆ ರಜೆಯ ದಿನ ಇಂಥ ತರಬೇತಿ ಸಿಗುವಂತೆ ನಮ್ಮ ಸಂಸ್ಥೆ ಏರ್ಪಾಡು ಮಾಡಬೇಕೆಂದು ಹಿರಿಯರಲ್ಲಿ ವಿನಂತಿಸುತ್ತೇನೆ.

ವಿದ್ಯಾರ್ಥಿಗಳೆ, ಹೊಸ ಇಂಧನದ ಸುದ್ದಿ ಓದಿದಾಗಲೆಲ್ಲ ಮೂರು ಪ್ರಶ್ನೆ ಕೇಳಿರಿ. ಇದು ಎಲ್ಲಿಂದ ಬರುತ್ತದೆ? ಹಾಕಿದ್ದೆಷ್ಟು, ಮರಳಿ ಸಿಕ್ಕಿದ್ದೆಷ್ಟು? ನಮ್ಮ ಊರಿನಲ್ಲಿ ಇದನ್ನು ತುಂಬುವವರು, ರಿಪೇರಿ ಮಾಡುವವರು ಯಾರು? ಮೂರನೆಯ ಪ್ರಶ್ನೆಗೆ ಉತ್ತರ ನೀವೇ ಆಗಬೇಕೆಂಬುದು ನನ್ನ ಆಸೆ.