ಹೆಚ್ಚಾದ ಅಕ್ಕಿ

(ಶತಮಾನೋತ್ಸವದ ಅಂಗವಾಗಿ ಜರುಗಿದ ದಂಪತಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ದುಡಿಮೆ, ಹವ್ಯಾಸ, ಆರೋಗ್ಯ ಈ ಮೂರನ್ನೂ ಸಂಸಾರದಲ್ಲಿ ಹೇಗೆ ಸರಿದೂಗಿಸಿಕೊಂಡು ಹೋಗಬೇಕೆಂಬ ವಿಷಯವಾಗಿ ಮಾತನಾಡಬೇಕೆಂದು ತಮ್ಮ ಗುರುಗಳು ಪತ್ರ ಬರೆದಾಗ ನನಗೆ ಬಹಳ ಸಂಕೋಚವಾಯಿತು. ಸರಿದೂಗಿಸಿದವರು ಮಾತನಾಡಬೇಕಾದ ವಿಷಯವಿದು. ನಾನು ತೂಕ ತಪ್ಪಿದವನು. ತಪ್ಪಿದವನಿಗೂ ಹೇಳಲು ಏನಾದರೂ ಇದ್ದೀತೆಂದು ಗುರುಗಳು ಒತ್ತಾಯಪಡಿಸಿದ್ದರಿಂದ ದೂರದ ಬೀದರ್ ಜಿಲ್ಲೆಯಿಂದ ಬಂದು ತಮ್ಮೆದುರು ನಿಂತಿದ್ದೇನೆ.

ನಾನು ಹುಮನಾಬಾದಿನಲ್ಲಿ ಪ್ರೌಢಶಾಲಾ ಉಪಾಧ್ಯಾಯನಾಗಿದ್ದೆ. ನನ್ನ ಪತ್ನಿ ಬಸವಕಲ್ಯಾಣದಲ್ಲಿ ದಾದಿಯಾಗಿದ್ದಳು. ಎರಡೂ ಊರುಗಳ ನಡುವೆ ಸುಮಾರು 30 ಕಿಲೋಮೀಟರ್ ದಾರಿ. 1989ರಲ್ಲಿ ನಮ್ಮ ಮದುವೆಯಾದಂದಿನಿಂದ ಆಕೆ ಆ ದಾರಿಯನ್ನು ಸರ್ಕಾರಿ ಬಸ್ಸಿನಲ್ಲಿ ದಿನಕ್ಕೆರಡು ಸಲ ಸವೆಸಿದಳು. ಬೆಳಗಿನ ಪಾಳಿಯಿದ್ದರೆ ಕತ್ತಲಲ್ಲೇ ಎದ್ದು ಜೋಳದ ರೊಟ್ಟಿ ಬಡಿದಿಟ್ಟು ಹೊರಡುವಳು. ನಾನೋ ಶಾಲೆ ಮುಗಿಸಿ ಮನೆಪಾಠಕ್ಕೆ ಕುಳಿತರೆ ರಾತ್ರಿ ಒಂಬತ್ತು. ಭಾನುವಾರ ಬಂದರೆ ನನ್ನ ಹವ್ಯಾಸ. ನಮ್ಮ ಸೀಮೆಯಲ್ಲಿ ಕಾಲಿಟ್ಟಲ್ಲೆಲ್ಲ ಕಲ್ಲು ಮಾತಾಡುತ್ತದೆ. ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ಊರು. ಹುಮನಾಬಾದ್ ತಾಲೂಕಿನ ಜಲಸಂಗಿಯ ಗುಡಿಯಲ್ಲಿ, ಕೈಯಲ್ಲಿ ಕಂಟವನ್ನು ಹಿಡಿದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಒಂಬತ್ತು ಶತಮಾನಗಳಿಂದ ಬೆನ್ನು ತಿರುಗಿಸಿ ನಿಂತು ಬರೆಯುತ್ತಲೇ ಇದ್ದಾಳೆ. ಅವಳ ಅಕ್ಷರಗಳನ್ನು ಓದಿಕೊಳ್ಳಲು ಪುಸ್ತಕ ಹಿಡಿದು ನಾನು ಹೋದ ಭಾನುವಾರಗಳಿಗೆ ಲೆಕ್ಕವಿಲ್ಲ. ಮನೆಯಲ್ಲಿ ಬೆನ್ನು ತಿರುಗಿಸಿ ಪಾತ್ರೆ ತಿಕ್ಕುತ್ತಿದ್ದವಳನ್ನು ಅಷ್ಟು ಶ್ರದ್ಧೆಯಿಂದ ಓದಿದವನಲ್ಲ.

2006ರ ಬೇಸಿಗೆಯಲ್ಲಿ ಒಂದು ದಿನ ಆಕೆ ಕರ್ತವ್ಯದಲ್ಲಿದ್ದಾಗಲೇ ತಲೆ ತಿರುಗಿ ಕುಳಿತಳು. ಸಹೋದ್ಯೋಗಿಯೊಬ್ಬರು ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ರಕ್ತದೊತ್ತಡ 170ಕ್ಕೆ 104. 140ಕ್ಕೆ 90 ಮೀರಿದರೇ ವೈದ್ಯರು ಎಚ್ಚರಿಸುತ್ತಾರೆ. ನೂರಾರು ಜನರ ತೋಳಿಗೆ ಪಟ್ಟಿ ಸುತ್ತಿದವಳು ತನ್ನ ತೋಳಿಗೆ ವರ್ಷಗಳಿಂದ ಸುತ್ತಿಕೊಂಡಿರಲಿಲ್ಲ. ಈ ರೋಗದ ಮೋಸವೇ ಅದು. ನೋವಿಲ್ಲ, ಜ್ವರವಿಲ್ಲ, ಹೊರಗೆ ಏನೂ ಕಾಣದು. ಒಳಗೊಳಗೇ ಹೃದಯವನ್ನೂ ಮೂತ್ರಪಿಂಡವನ್ನೂ ಮಿದುಳನ್ನೂ ಹಣ್ಣು ಮಾಡುತ್ತಿರುತ್ತದೆ. "ಯಾಕೆ ಹೇಳಲಿಲ್ಲ?" ಎಂದು ನಾನು ಸ್ವಲ್ಪ ಗಡುಸಾಗಿಯೇ ಕೇಳಿದೆ. "ನೀವು ಮನ್ಯಾಗ ಯಾವಾಗ ಇದ್ರಿ?" ಎಂದಳು. ಅಷ್ಟೇ. ಅದರಲ್ಲಿ ಜಗಳದ ದನಿಯೂ ಇರಲಿಲ್ಲ.

ಆಕೆ ವಿಶ್ರಾಂತಿಯಲ್ಲಿದ್ದ ಆ ದಿನಗಳಲ್ಲಿ ಹೊದಿಕೆಗಾಗಿ ಟ್ರಂಕನ್ನು ತೆರೆದಾಗ ತಳದಲ್ಲಿ ಅರ್ಧ ಹೊಲಿದ ಕೌದಿಯೊಂದು ಸಿಕ್ಕಿತು. ಹಳೆಯ ಸೀರೆಗಳ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಕೈಹೊಲಿಗೆ ಹಾಕಿದ್ದು. ಸೂಜಿ ಅದರಲ್ಲೇ ಚುಚ್ಚಿಕೊಂಡು ತುಕ್ಕು ಹಿಡಿದಿತ್ತು. ಎರಡನೆಯ ಮಗು ಹೊಟ್ಟೆಯಲ್ಲಿದ್ದಾಗ, 1995ರಲ್ಲಿ, ಆರಂಭಿಸಿದ್ದಳಂತೆ. ಹನ್ನೊಂದು ವರ್ಷ! ನನ್ನ ಶಾಸನಗಳ ನೋಟು ಪುಸ್ತಕಗಳು ಅಷ್ಟರಲ್ಲಿ ಹದಿನಾಲ್ಕಾಗಿದ್ದವು. ಮನೆಯಲ್ಲಿ ಹವ್ಯಾಸವಿದ್ದವನು ನಾನೊಬ್ಬನೇ ಎಂದು ನಾನು ಭಾವಿಸಿದ್ದೆ.

ಇಲ್ಲಿ ತಮಗೆ ನಮ್ಮ ಊರಿನ ಹಳೆಯ ಕಥೆಯೊಂದನ್ನು ಹೇಳಬೇಕು. ತಮ್ಮಲ್ಲಿ ಕೆಲವರು ಕೇಳಿದ್ದೀರಿ. 12ನೆಯ ಶತಮಾನದಲ್ಲಿ ಬಸವಣ್ಣನವರ ಕಲ್ಯಾಣಕ್ಕೆ ಲಿಂಗಸುಗೂರಿನ ಕಡೆಯ ಅಮರೇಶ್ವರದಿಂದ ಮಾರಯ್ಯ, ಲಕ್ಕಮ್ಮ ಎಂಬ ಬಡ ದಂಪತಿಗಳು ಬಂದರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನ ಕಾಯಕ. ಒಂದು ದಿನ ಆತ ಅನುಭವದ ಮಾತುಕತೆಯಲ್ಲಿ ಮೈಮರೆತು ಕುಳಿತ; ಲಕ್ಕಮ್ಮ ಕಾಯಕ ತಪ್ಪಿತೆಂದು ಎಚ್ಚರಿಸಿ ಎಬ್ಬಿಸಿದಳು. ಇನ್ನೊಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದ. ಬಡವರ ಮನೆಯಲ್ಲಿ ಹೆಂಡತಿ ಸಂತೋಷಪಡಬೇಕಲ್ಲವೇ? ಆಕೆ, ನಮಗೆ ಇಷ್ಟು ಬೇಡ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳುಹಿಸಿದಳು. ದುಡಿಯದೆ ಕುಳಿತ ಗಂಡನನ್ನು ಎಬ್ಬಿಸಿದವಳೂ ಅವಳೇ, ಮಿತಿ ಮೀರಿ ದುಡಿದ ಗಂಡನನ್ನು ತಡೆದವಳೂ ಅವಳೇ. ಮಾರಯ್ಯನ ವಚನಗಳ ಅಂಕಿತ ಅಮರೇಶ್ವರಲಿಂಗ. ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನನ್ನು ತಿದ್ದಿದವಳು ತನ್ನ ವಚನದಲ್ಲಿ ಅವನ ಹೆಸರನ್ನು ಪ್ರೀತಿಯಿಂದ ಇಟ್ಟುಕೊಂಡಿದ್ದಾಳೆ. ನಮ್ಮ ಕರ್ತರು ಕಲಿಸಿದ ಪ್ರಾರ್ಥನೆಯಲ್ಲಿಯೂ ನಾವು ಬೇಡುವುದು ಅಂದಂದಿನ ಆಹಾರವನ್ನೇ. ವರ್ಷದ ಕಣಜವನ್ನು ಬೇಡುವುದಿಲ್ಲ.

ಅದೇ ಕಲ್ಯಾಣದಲ್ಲಿ ಸೌದೆ ಮಾರಿ ಬದುಕಿದ ಮೋಳಿಗೆಯ ಮಾರಯ್ಯನೂ ಅವನ ಪತ್ನಿ ಮಹಾದೇವಿಯೂ ಇದ್ದರು. ಹುಮನಾಬಾದ್ ತಾಲೂಕಿನ ಮೋಳಕೇರಾ ಗ್ರಾಮವನ್ನು ಜನ ಇಂದಿಗೂ ಆತನ ಹೆಸರಿನೊಡನೆ ಸೇರಿಸಿ ಹೇಳುತ್ತಾರೆ. ಲೋಕ ಬಿಟ್ಟು ಹೊರಡಲು ಹಂಬಲಿಸಿದ ಮಾರಯ್ಯನಿಗೆ, ಹೋಗಬೇಕಾದ ಬೇರೊಂದು ಸ್ಥಳವಿದೆಯೇ ಎಂದು ಆಕೆ ಕೇಳಿದಳೆಂದು ಶೂನ್ಯಸಂಪಾದನೆಯ ಕಥೆ. ನಾನು ಈ ಕಥೆಗಳನ್ನು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಮಾಡಿದ್ದೆ. ಪರೀಕ್ಷೆಗೆ ಪ್ರಶ್ನೆಯನ್ನೂ ತೆಗೆದಿದ್ದೆ.

ನಮ್ಮ ಮನೆಯ ಹೆಚ್ಚಾದ ಅಕ್ಕಿಯೆಂದರೆ ಮನೆಪಾಠ. ಆ ಹಣ ಬೇಕಾಗಿಯೇ ಇರಲಿಲ್ಲವೆಂದು ನಾನು ಹೇಳಲಾರೆ. ಮನೆ ಸಾಲವಿತ್ತು, ಮಕ್ಕಳ ಶುಲ್ಕವಿತ್ತು. ಆದರೆ ಸಾಲ ತೀರಿದ ಮೇಲೂ ನಾನು ನಿಲ್ಲಿಸಿರಲಿಲ್ಲ, ರೂಢಿಯಾಗಿಬಿಟ್ಟಿತ್ತು. "ಸಾಕು ಮಾಡ್ರಿ ಇನ್ನ" ಎಂದು ಆಕೆ ಎರಡು ಸಲ ಹೇಳಿದ್ದು ಆಮೇಲೆ ನೆನಪಾಯಿತು. ಆ ವರ್ಷದ ಜೂನಿನಲ್ಲಿ ಸಂಜೆಯ ಎರಡು ತಂಡಗಳಲ್ಲಿ ಒಂದನ್ನು ಬಿಟ್ಟೆ. ಮುಂದಿನ ವರ್ಷ ಇನ್ನೊಂದನ್ನು. ಎರಡನೆಯದನ್ನು ಬಿಡುವಾಗ ಕೈ ನಡುಗಿತೆಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ವೈದ್ಯರು ಮಾತ್ರೆಯ ಜೊತೆಗೆ ಎರಡು ಮಾತು ಹೇಳಿದರು. ಮೊದಲನೆಯದು ಉಪ್ಪು. ದಿನಕ್ಕೆ ಒಬ್ಬರಿಗೆ ಐದು ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚಕ್ಕೂ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಕಡೆ ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳವಿಲ್ಲದೆ ರೊಟ್ಟಿ ಗಂಟಲಿಗಿಳಿಯದು. ಆಕೆಗೊಂದು, ನನಗೊಂದು ಅಡುಗೆ ಮಾಡುವುದು ಆಗದ ಮಾತು. ಆದ್ದರಿಂದ ನಾನೂ ಬಿಟ್ಟೆ. ಮೊದಲ ತಿಂಗಳು ಪುಂಡಿಪಲ್ಯ ಹುಲ್ಲು ತಿಂದಂತಾಯಿತು. ಎರಡನೆಯದು ನಡಿಗೆ, ವಾರಕ್ಕೆ 150 ನಿಮಿಷವಾದರೂ. ಆಗ ನಾನು ಒಂದು ಉಪಾಯ ಮಾಡಿದೆ. ಭಾನುವಾರ ಪೂಜೆಯಿಂದ ಬಂದ ಮೇಲೆ ಆಕೆಯನ್ನೂ ಜಲಸಂಗಿಗೆ ಕರೆದುಕೊಂಡು ಹೋದೆ. ಬಸ್ಸಿನಿಂದ ಮೊದಲೇ ಇಳಿದು ಹೊಲಗಳ ನಡುವೆ ನಡೆದೆವು. ಶಿಲಾಬಾಲಿಕೆಯನ್ನು ಸುತ್ತುಹಾಕಿ ನೋಡಿ ಆಕೆ ಆಡಿದ ಮೊದಲ ಮಾತು: "ಪಾಪ, ಈಕಿಗಿ ಸೊಂಟ ನೋವು ಇರಬೇಕು." ಹದಿನಾಲ್ಕು ಪುಸ್ತಕ ಬರೆದ ನನಗೆ ಅದು ಹೊಳೆದಿರಲಿಲ್ಲ.

ಮುಂದೆ ಎಲ್ಲವೂ ನೇರವಾಯಿತೆಂದು ತಾವು ತಿಳಿಯಬಾರದು. ಆಕೆಯ ಮಾತ್ರೆ ಇಂದಿಗೂ ನಿಂತಿಲ್ಲ, ನಿಲ್ಲಿಸುವಂಥದೂ ಅಲ್ಲ. ಒತ್ತಡ ಇಳಿಯಿತೆಂದು ತಾವೇ ಮಾತ್ರೆ ಬಿಟ್ಟು ಪಾರ್ಶ್ವವಾಯುವಿಗೆ ತುತ್ತಾದವರನ್ನು ಆಕೆ ತನ್ನ ವಾರ್ಡಿನಲ್ಲಿಯೇ ಕಂಡಿದ್ದಾಳೆ. ನನಗೂ 2014ರಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಈಗ ಒಬ್ಬರ ಡಬ್ಬಿಯನ್ನು ಇನ್ನೊಬ್ಬರು ಎಣಿಸುತ್ತೇವೆ. ಮದುವೆಯ ದಿನ ಪೀಠದ ಮುಂದೆ ಆರೋಗ್ಯದಲ್ಲೂ ಅನಾರೋಗ್ಯದಲ್ಲೂ ಎಂದು ಮಾತು ಕೊಟ್ಟಾಗ, ಅದು ರಾತ್ರಿ ಊಟದ ನಂತರ ಮಾತ್ರೆ ಎಣಿಸುವ ಕೆಲಸವೆಂದು ಯಾರಿಗೆ ಗೊತ್ತಿತ್ತು?

ಕೌದಿಯ ವಿಷಯ ಹೇಳಿ ಮುಗಿಸುತ್ತೇನೆ. ಸೂಜಿಗೆ ದಾರ ಪೋಣಿಸುವುದು ನನ್ನ ಪಾಲಿಗೆ ಬಂತು, ಆಕೆಯ ಕಣ್ಣು ಅಷ್ಟರಲ್ಲಿ ಮಂಜಾಗಿತ್ತು. ಎರಡು ಚಳಿಗಾಲ ಹಿಡಿಯಿತು. 2008ರ ಎಳ್ಳ ಅಮಾವಾಸ್ಯೆಗೆ ನೆರೆಯವರು ತಮ್ಮ ಹೊಲಕ್ಕೆ ಕರೆದರು. ನಮ್ಮಲ್ಲಿ ಆ ದಿನ ಜಾತಿಮತ ನೋಡದೆ ಒಬ್ಬರನ್ನೊಬ್ಬರು ಹೊಲದೂಟಕ್ಕೆ ಕರೆಯುತ್ತಾರೆ. ಕೌದಿಯನ್ನು ಜೋಳದ ಹೊಲದ ಬದುವಿನ ಮೇಲೆ ಹಾಸಿ, ಭಜ್ಜಿ ಉಂಡು, ಅಂಬಲಿ ಕುಡಿದು, ಆಕೆ ಅದರ ಮೇಲೆ ಒಂದು ತಾಸು ಮಲಗಿ ನಿದ್ರಿಸಿದಳು. ಮಧ್ಯಾಹ್ನದಲ್ಲಿ ಆಕೆ ನಿದ್ರಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಕೆ ಇಂದು ತಮ್ಮೊಡನೆ ಎರಡನೆಯ ಸಾಲಿನಲ್ಲಿಯೇ ಕುಳಿತಿದ್ದಾಳೆ. ಕೈಗಡಿಯಾರವನ್ನು ಆಗಲೇ ಎರಡು ಸಲ ನೋಡಿಕೊಂಡಳು. ಮೂರನೆಯ ಸಲ ನೋಡುವುದರೊಳಗೆ ಕುಳಿತುಕೊಳ್ಳುತ್ತೇನೆ.